ಬಾತುಕೋಳಿಗೆ ನನ್ನ ಮಂಕಿ ಕ್ಯಾಪ್

ಮೊದಲು ಸಿಹಿ ಸುದ್ದಿ. ಕಳೆದ ಭಾನುವಾರ ಬೆಳಿಗ್ಗೆ ನನ್ನ ಮೊಮ್ಮಗಳು ನೌಶೀನ್, ಕೆರೆ ದಂಡೆಯ ಮೇಲೆ, ಅಷ್ಟೂ ಜನರಿಗೆ ಕೇಳಿಸುವ ಹಾಗೆ, "ನಮ್ಮ ನಾನಾ ಕೋಳಿ ಅಂಗಡಿ ಇಟ್ಟಿದ್ರು" ಅಂದಳು!

ಇದೂ ಒಂದು ಸುದ್ದಿಯಾ ಅಂತ ಪೇಪರ್ ಮಡಚಿಡಬೇಡಿ. ಹದಿಮೂರು ವರ್ಷದ ಹಿಂದೆ ಇವಳು ಹುಟ್ಟಿದಾಗ ಶಿವಾಜಿನಗರದ ಅರ್ಧ ಬೀದಿಗೆ ಸಿಹಿ ಹಂಚಿದವನು ನಾನು. ಅವತ್ತು ಕೂಡ ಇಷ್ಟು ಕುಣಿದಿರಲಿಲ್ಲ.

ರಸೆಲ್ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ನನ್ನದು ಕೋಳಿ ವ್ಯಾಪಾರ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದೇ ಹೈಸ್ಕೂಲು, ಅದೇ ಕಾಲೇಜು. ಮಂಡಿನೋವು ಜಾಸ್ತಿಯಾಗಿ ಅಂಗಡಿ ಬಿಟ್ಟ ಮೇಲೆ ನಾನು, ನಮ್ಮ ಬೇಗಂ ಇಬ್ಬರೂ ಹೊರಮಾವಿನ ಆಚೆ ಮಗಳು ಶಬೀನಾಳ ಮನೆಗೆ ಬಂದೆವು. ಗೇಟಿನ ಮೇಲೆ 'ಕಂಟ್ರಿ ಎಸ್ಟೇಟ್' ಅಂತ ಇದೆ. ಒಳಗೆ ಕಾಫಿ ಗಿಡವಿಲ್ಲ, ಏಲಕ್ಕಿಯಿಲ್ಲ. ಎಂಬತ್ತು ವಿಲ್ಲಾ, ಒಂದು ಕೆರೆ, ಆ ಕೆರೆಯನ್ನು ಕಾಪಾಡಲು ಒಂದು ಕಮಿಟಿ. ಹಳ್ಳಿ ಎಲ್ಲಪ್ಪಾ ಅಂತ ವಾಚ್‌ಮನ್‌ನನ್ನು ಕೇಳಿದೆ. "ಅದನ್ನ ತೆಗೆದೇ ಇದನ್ನ ಕಟ್ಟಿದ್ದು ಸಾಬ್ರೇ" ಅಂದ.

ಬಂದ ಹೊಸದರಲ್ಲಿ ನೌಶೀನಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವ ಕೆಲಸ ನನ್ನದಾಗಿತ್ತು. ಗೇಟಿನ ಹತ್ತಿರ ಯಾರೋ ಮಗುವಿನ ತಾಯಿ ಕೇಳಿದರು, ಏನು ಕೆಲಸದಲ್ಲಿದ್ದಿರಿ ಅಂತ. ಹೇಳಿದೆ. ಸಂಕೋಚ ಯಾಕೆ? ಮಾರನೇ ದಿನದಿಂದ ಇವಳು ಬಸ್ ಹತ್ತಿದರೆ ಹಿಂದಿನ ಸೀಟಿನಿಂದ "ಕೊಕ್ಕೊಕ್ಕೋ" ಶುರುವಾಯಿತಂತೆ.

ಒಂದು ಸಂಜೆ ನನ್ನ ಪಕ್ಕ ಬಂದು ಕೂತಳು. (ಮನೆಯಲ್ಲಿ ನಮ್ಮದು ದಖನಿ, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.)

"ನಾನಾ, ಯಾರಾದ್ರೂ ಕೇಳಿದ್ರೆ 'ಬಿಸಿನೆಸ್' ಅನ್ನಿ, ಸಾಕು. ಆಮೇಲೆ, ಬಸ್ ಹತ್ರ ನೀವು ಬರೋದು ಬೇಡ. ಅಮ್ಮೀ ಬರ್ತಾಳೆ."

"ಆಯ್ತು ಬೇಟಾ" ಅಂದೆ. ಹಾಗಂದು ಎರಡು ವರ್ಷವಾಯಿತು. ಬೆಳಿಗ್ಗೆ ಆ ಬಸ್ಸಿನ ಹಾರ್ನ್ ಕೇಳಿದರೆ ಈಗಲೂ ಚಪ್ಪಲಿ ಹುಡುಕುತ್ತೇನೆ. ಸಿಕ್ಕ ಮೇಲೆ ಮತ್ತೆ ಬಿಡುತ್ತೇನೆ.

ಇನ್ನು ಚಳಿಗಾಲದ ವಿಷಯಕ್ಕೆ ಬರೋಣ. ನಮ್ಮ ಎಸ್ಟೇಟಿನಲ್ಲಿ ಚಳಿಗೂ ರೂಲ್ಸ್ ಇದೆ. ಒಣಗಿದ ಎಲೆಗೆ ಕಡ್ಡಿ ಗೀರಿ ವಾಚ್‌ಮನ್ ಕೈ ಕಾಯಿಸುವಂತಿಲ್ಲ, ಹಕ್ಕಿಗಳಿಗೆ ಹೊಗೆ ಆಗುವುದಿಲ್ಲವಂತೆ. ಶನಿವಾರ ಸಂಜೆ ಕ್ಲಬ್ ಹೌಸಿನ ಮುಂದೆ ಉರಿಯುವ ಕ್ಯಾಂಪ್ ಫೈರ್‌ಗೆ ಮಾತ್ರ ಹೊಗೆ ಇಲ್ಲ ಅಂತ ಕಾಣುತ್ತದೆ.

ಈ ಸಲ ಕಮಿಟಿಯವರು ಕೆರೆ ಪಕ್ಕ ಹಕ್ಕಿ ನೋಡಲು ಮರದ ಅಟ್ಟಣೆ ಕಟ್ಟಿಸಿದರು. ಓಪನಿಂಗ್‌ಗೆ ಮುಂಚೆ ಮನೆಮನೆಗೂ ಫಾರಂ. 'ನಿಮ್ಮ ಮನೆಯಲ್ಲಿ ಹಕ್ಕಿಗಳ ಅನುಭವ ಇರುವ ಹಿರಿಯರು ಇದ್ದಾರೆಯೇ? ಎಷ್ಟು ವರ್ಷ?' ಇದ್ದರೆ ಆ ಮನೆಯ ಮಕ್ಕಳಿಗೆ ಅಟ್ಟಣೆ ಮೇಲೆ ಮೊದಲು ನಿಲ್ಲುವ ಚಾನ್ಸ್. ನೌಶೀನ್‌ಗೆ ಹಕ್ಕಿ ಅಂದರೆ ಹುಚ್ಚು. ನಮಗೆ ಯಾರಿಗೂ ಹೇಳದೆ ಬರೆದುಕೊಟ್ಟಿದ್ದಾಳೆ: 'ಇದ್ದಾರೆ. ನಾನಾ. ನಲವತ್ತು ವರ್ಷ.'

ಇದರಲ್ಲಿ ಒಂದಕ್ಷರ ಸುಳ್ಳಿದೆಯಾ, ನೀವೇ ಹೇಳಿ.

ಮೂರನೇ ದಿನ ಕಮಿಟಿ ಸೆಕ್ರೆಟರಿ ರೇವತಿ ಮೇಡಂ ಮನೆಗೇ ಬಂದರು.

"ಸರ್, ನಮ್ಮಲ್ಲೇ ಇಂಥೋರು ಇದ್ದೀರ, ಗೊತ್ತೇ ಇರ್ಲಿಲ್ಲ ನೋಡಿ! ಫೀಲ್ಡ್ ವರ್ಕ್ ಎಲ್ಲಾ ಯಾವ ಕಡೆ?"

"ರಸೆಲ್ ಮಾರ್ಕೆಟ್ ಕಡೆ" ಅಂದೆ.

"ಓ, ಅರ್ಬನ್! ತುಂಬಾ ಕಷ್ಟದ ಏರಿಯಾ ಅಲ್ವಾ ಸರ್?"

"ಹೌದಮ್ಮ, ಭಾನುವಾರ ಬಂದ್ರೆ ಉಸಿರಾಡೋಕೂ ಬಿಡ್ತಿರ್ಲಿಲ್ಲ."

ನನ್ನನ್ನು ಚೀಫ್ ಗೆಸ್ಟ್ ಮಾಡಿಯೇ ಎದ್ದುಹೋದರು. ಅಡುಗೆಮನೆ ಬಾಗಿಲಲ್ಲಿ ನಮ್ಮ ಬೇಗಂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನೌಶೀನ್ ಮುಖ ಬಿಳಿಚಿಕೊಂಡಿತ್ತು. "ನಾನಾ, ಪ್ಲೀಸ್, ಸ್ಟೇಜ್ ಮೇಲೆ ಏನೂ ಹೇಳ್ಬೇಡಿ. ಟೇಪ್ ಕಟ್ ಮಾಡಿ ಬಂದ್ಬಿಡಿ."

ಹೋಗದಿದ್ದರೆ ಅವಳಿಗೆ ಅಟ್ಟಣೆ ತಪ್ಪುತ್ತದೆ. ಹೋಗಿ ಬಾಯಿಬಿಟ್ಟರೆ ಮತ್ತೆ ಕೊಕ್ಕೊಕ್ಕೋ. ಎರಡು ದಿನ ನನಗೆ ಊಟ ಸೇರಲಿಲ್ಲ.

ಭಾನುವಾರ ಮಂಜು ಇನ್ನೂ ಕೆರೆ ಮೇಲೇ ಇತ್ತು. ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪ್ ಏರಿಸಿ ಹೋದೆ. ಅಟ್ಟಣೆಯಿಂದ ನೀರಿನೊಳಗಿನ ಜೊಂಡಿನವರೆಗೆ ನೈಲಾನ್ ದಾರ ಎಳೆದು ದೊಡ್ಡ ಬ್ಯಾನರ್ ಕಟ್ಟಿದ್ದರು: 'ಚಳಿಗಾಲದ ಅತಿಥಿಗಳಿಗೆ ಸ್ವಾಗತ'. ಸಾವಿರಾರು ಮೈಲಿ ಹಾರಿ ಬರುವ ಬಾತುಗಳಿಗಂತೆ. ಅವಕ್ಕೆ ಕನ್ನಡ ಓದಲು ಬರುತ್ತದೋ ಇಲ್ಲವೋ, ಕಮಿಟಿಯವರ ಫೋಟೋಗಂತೂ ಚೆನ್ನಾಗಿತ್ತು.

ರೇವತಿ ಮೇಡಂ ಮೈಕ್ ಆನ್ ಮಾಡಿದರು. ಮೈಕು ಕಿರ್ರೆಂದು ಕಿರುಚಿತು.

ಕೆರೆಯಲ್ಲಿದ್ದ ಅಷ್ಟೂ ಅತಿಥಿಗಳು ಒಟ್ಟಿಗೆ ಎದ್ದವು. ಎಲ್ಲವೂ ಹೋದವು, ಒಂದು ಉಳಿಯಿತು. ಕಣ್ಣ ಮೇಲೆ ಬಿಳಿ ಹುಬ್ಬಿದ್ದ ಸಣ್ಣ ಬಾತು. ಒಂದು ರೆಕ್ಕೆ, ಒಂದು ಕಾಲು ಸ್ವಾಗತದ ದಾರಕ್ಕೆ ಸುತ್ತಿಕೊಂಡು ಪಟಪಟ ಬಡಿಯುತ್ತಿತ್ತು. ಬಡಿದಷ್ಟೂ ದಾರ ಬಿಗಿಯುತ್ತಿತ್ತು.

ದಂಡೆಯಲ್ಲಿ ಏನಾಯಿತು ಗೊತ್ತಾ? ಒಬ್ಬರು ವೀಡಿಯೊ ತೆಗೆದರು. ಒಬ್ಬರು ರೆಸ್ಕ್ಯೂದವರ ನಂಬರ್ ಯಾರ ಹತ್ರ ಇದೆ ಅಂತ ಎಸ್ಟೇಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಯಾರೋ 'ಮುಟ್ಟಬೇಡಿ, ಪ್ರೋಟೋಕಾಲ್ ಇದೆ' ಅಂದರು. ನೌಶೀನ್ ಮಾತ್ರ ಓಡಿಬಂದು ನನ್ನ ಶಾಲು ಎಳೆದಳು. "ನಾನಾ, ಸತ್ತೋಗುತ್ತೆ! ಏನಾದ್ರೂ ಮಾಡಿ!"

ಪ್ಯಾಂಟು ಮಡಚಿ ನೀರಿಗಿಳಿದೆ. ಮೊಣಕಾಲುದ್ದ ನೀರು, ಐಸು. ಹಕ್ಕಿ ಹಿಡಿಯಲು ಧೈರ್ಯ ಬೇಕಿಲ್ಲ, ಹದ ಬೇಕು. ಎರಡೂ ರೆಕ್ಕೆ ಬೆನ್ನಿಗೆ ಸೇರಿಸಿ ಹಿಡಿಯಬೇಕು; ಬಿಗಿಯಾದರೆ ಮೂಳೆ ಮುರಿಯುತ್ತದೆ, ಸಡಿಲವಾದರೆ ಹಕ್ಕಿಯೇ ಮುರಿದುಕೊಳ್ಳುತ್ತದೆ. ಕಣ್ಣಿಗೆ ಕತ್ತಲಾದರೆ ಸುಮ್ಮನಾಗುತ್ತದೆ. ಮಂಕಿ ಕ್ಯಾಪ್ ಕಿತ್ತು ಅದರ ತಲೆಗೆ ಮುಚ್ಚಿದೆ. ತಕ್ಷಣ ಸುಮ್ಮನಾಯಿತು. ಅದರ ಎದೆ ನನ್ನ ಬೆರಳಿಗೆ ಹೊಡೆದುಕೊಳ್ಳುತ್ತಿತ್ತು. ಈ ಕೈ ಇದೇ ಹಿಡಿತದಲ್ಲಿ ನಲವತ್ತು ವರ್ಷ ಏನು ಮಾಡಿದೆ ಅಂತ ಅದಕ್ಕೇನು ಗೊತ್ತು? ನನಗೆ ಗೊತ್ತಿತ್ತು.

"ಕತ್ತರಿ ತಾ ಬೇಟಾ!"

ಟೇಪ್ ಕತ್ತರಿಸಲು ತಟ್ಟೆಯಲ್ಲಿ ಹೂವಿನ ಜೊತೆ ಇಟ್ಟಿದ್ದ ಕತ್ತರಿಯನ್ನು ನೌಶೀನ್ ಎತ್ತಿಕೊಂಡು ಬೂಟು ಸಮೇತ ನೀರಿಗೆ ಬಂದಳು. ನಾನು ತೋರಿಸಿದೆ, ಅವಳು ಒಂದೊಂದೇ ದಾರ ಕತ್ತರಿಸಿದಳು. ಕಾಲಿನದು, ಆಮೇಲೆ ರೆಕ್ಕೆಯದು. ಕ್ಯಾಪ್ ತೆಗೆದು ಕೈ ಬಿಟ್ಟೆ. ಎರಡು ಸಲ ನೀರಿಗೆ ಬಡಿದು, ಎದ್ದು, ಹೋಯಿತು. ಹೋಗುವ ಮುಂಚೆ ಚೀಫ್ ಗೆಸ್ಟ್ ಸ್ವೆಟರಿನ ಮೇಲೆ ಗಲೀಜು ಮಾಡಿಯೇ ಹೋಯಿತು.

ದಂಡೆಯೆಲ್ಲ ಚಪ್ಪಾಳೆ. ರೇವತಿ ಮೇಡಂ ಕಣ್ಣಲ್ಲಿ ನೀರು. "ಸರ್, ಏನ್ ಹ್ಯಾಂಡ್ಲಿಂಗ್ ಸರ್! ಇದನ್ನ ಎಲ್ಲಿ ಕಲಿತ್ರಿ?"

ನಾನು ನೌಶೀನ್ ಕಡೆ ನೋಡಿದೆ. ಕೊಟ್ಟ ಮಾತು ಮಾತು. "ಬಿಸಿ..." ಅಂತ ಬಾಯಿ ತೆರೆದೆ.

"ನಕ್ಕೋ ನಾನಾ, ಬಿಸಿನೆಸ್ ಬೇಡ" ಅಂದಳು. ಆಮೇಲೆ ದಂಡೆ ಕಡೆ ತಿರುಗಿ, ನೀರಲ್ಲೇ ನಿಂತು, ಕತ್ತರಿ ಹಿಡಿದ ಕೈಯನ್ನು ಸೊಂಟದ ಮೇಲಿಟ್ಟು: "ನಮ್ಮ ನಾನಾ ಕೋಳಿ ಅಂಗಡಿ ಇಟ್ಟಿದ್ರು ಮೇಡಂ. ರಸೆಲ್ ಮಾರ್ಕೆಟ್ಟಲ್ಲಿ. ನಲವತ್ತು ವರ್ಷ."

ರೇವತಿ ಮೇಡಂ ನಗು ಇದ್ದ ಜಾಗದಲ್ಲೇ ಗಟ್ಟಿಯಾಯಿತು. ಅಷ್ಟರಲ್ಲಿ ಹಿಂದಿನಿಂದ, ಮೊಳದುದ್ದದ ಕ್ಯಾಮೆರಾ ಹೊತ್ತಿದ್ದ ರಿಟೈರ್ಡ್ ಸಾಹೇಬರೊಬ್ಬರು ಕೇಳಿದರು: "ನಾಟಿ ಕೋಳಿ ಇಡ್ತಿದ್ರಾ?"

ಆಮೇಲೆ ಅಟ್ಟಣೆ ಉದ್ಘಾಟನೆಯೂ ಆಯಿತು. ಮೊದಲು ಹತ್ತಿದ್ದು ನೌಶೀನ್. ಗ್ರೂಪಿನಲ್ಲಿ ರೇವತಿ ಮೇಡಂ ಹಾಕಿದ ವರದಿಯಲ್ಲಿ ನಾನು 'ಪಕ್ಷಿ ಕ್ಷೇತ್ರದಲ್ಲಿ ನಾಲ್ಕು ದಶಕ ಕಳೆದವರು'. ಬ್ಯಾನರ್ ಎಲ್ಲೋ ಮಾಯ. ಬಾತು ದಾರಕ್ಕೆ ಹೇಗೆ ಸಿಕ್ಕಿತು ಅಂತ ನೋಡಲು ಹೊಸ ಸಬ್ ಕಮಿಟಿ ಆಗಿದೆಯಂತೆ. ದಾರ ಕಟ್ಟಿದವರೇ ಅದರಲ್ಲಿದ್ದಾರೆ, ಅನುಭವ ಬೇಕಲ್ಲ!

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಾನು, ಬೇಗಂ, ಶಬೀನಾ, ಅಳಿಯ, ನೌಶೀನ್. ಬೇಗಂ ಮಾಡಿದ್ದು ಏನು ಅಂತ ಕೇಳುತ್ತೀರಾ? ಕೋಳಿ ಸಾರೇ. ಊಟದ ಮಧ್ಯೆ ನನ್ನ ಫೋನಿಗೆ ಮೂರು ಮೆಸೇಜು ಬಂತು, ಮೂರೂ ಬೆಳಿಗ್ಗೆ ದಂಡೆಯ ಮೇಲಿದ್ದ ಪಕ್ಷಿಪ್ರೇಮಿಗಳದ್ದೇ: ಒಳ್ಳೆ ಕೋಳಿ ಎಲ್ಲಿ ಸಿಗುತ್ತೆ ಸರ್? ನೌಶೀನ್ ಗಟ್ಟಿಯಾಗಿ ಓದಿದಳು. ಅಳಿಯನಿಗೆ ನಕ್ಕು ನಕ್ಕು ನೆತ್ತಿಗೇರಿತು.

ಆಮೇಲೆ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, "ನಾನಾ, ನಾಳೆ ಬಸ್ ಹತ್ರ ನೀವೇ ಬನ್ನಿ."

ಆಯ್ತು ಬೇಟಾ ಅಂತ ತಲೆ ಆಡಿಸಿದೆ.

"ಆದ್ರೆ ಆ ಮಂಕಿ ಕ್ಯಾಪ್ ಮಾತ್ರ ಹಾಕ್ಕೊಂಡು ಬರ್ಬೇಡಿ, ಪ್ಲೀಸ್."

ಕೋಳಿಗೆ ಎರಡು ವರ್ಷ ಹಿಡಿಯಿತು. ಮಂಕಿ ಕ್ಯಾಪಿಗೆ ಇನ್ನೆಷ್ಟು ಚಳಿಗಾಲ ಬೇಕೋ?