ಸೆರಗಿನ ಹಾಯಿ, ಕಲ್ಲಿನ ಹಲಗೆ

ಗ್ರಾನೈಟ್ ಕಲ್ಲಿನ ಬಿರುಕಿಗೆ ಒಂದು ಅಂಟು ತುಂಬುತ್ತಾರೆ. ಅದು ಗಟ್ಟಿಯಾಗಲೆಂದು ಎರಡು ಹನಿ ಹಾರ್ಡನರ್ ಕಲಸುತ್ತಾರೆ. ಆ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ತಲೆ ತಿರುಗುತ್ತದೆ. ನನಗಾದರೆ ಮೂರನೆಯದಾಗಿ ನಾಚಿಕೆಯೂ ಆಗುತ್ತದೆ. ಇವತ್ತು ಬೆಳಿಗ್ಗೆ ಇಳಕಲ್ಲಿನಲ್ಲಿ ಮಾಮಾನ ಪಾಲಿಶ್ ಕಾರ್ಖಾನೆಯಲ್ಲಿ, ತೊಳೆದಿಟ್ಟ ಕೆಂಪು ಕಲ್ಲಿನ ಮೇಲೆ ಕಾಲೇಜಿನ ಅರ್ಜಿ ಹರವಿಕೊಂಡು ಕೂತಿದ್ದೆ. ಹೆಸರು ಬರೆದೆ. ಅಂಕ ಬರೆದೆ, ಅಂಕಕ್ಕೆ ಕೊಟ್ಟ ಜಾಗ ಚಿಕ್ಕದಿತ್ತು, ನನ್ನ ಅಂಕಕ್ಕೆ ಅಷ್ಟು ಸಾಕಿತ್ತು. ‘ಇತರ ಕೌಶಲಗಳು’ ಎಂಬಲ್ಲಿಗೆ ಬರುವಷ್ಟರಲ್ಲಿ ಆ ವಾಸನೆ ಬಂತು. ಪೆನ್ನು ನಿಂತಿತು.

ಒಂಬತ್ತನೇ ಕ್ಲಾಸಿನಲ್ಲಾಗಿದ್ದರೆ ನಿಲ್ಲುತ್ತಿರಲಿಲ್ಲ. ಆ ವರ್ಷ ನಾವು ಶಾಲೆಯಿಂದ ಗೋವಾಕ್ಕೆ ಟ್ರಿಪ್ ಹೋಗಿದ್ದೆವು. ಸಮುದ್ರದಲ್ಲಿ ನಾನು ಮೊಣಕಾಲಿನವರೆಗೆ ಇಳಿದದ್ದು ಖರೆ. ತೆರೆ ಬಂದು ಎಡಗಾಲಿನ ಚಪ್ಪಲಿ ಒಯ್ದದ್ದೂ ಖರೆ. ಊರಿಗೆ ಬಂದ ಮೇಲೆ ಒಂಟಿ ಚಪ್ಪಲಿಗೆ ಕಾರಣ ಹೇಳಬೇಕಲ್ಲ? ಹಾಯಿದೋಣಿಯಲ್ಲಿ ಹೋಗುವಾಗ ಬಿತ್ತು ಎಂದೆ. ಮರುದಿನದ ಹೊತ್ತಿಗೆ ಆ ದೋಣಿಯನ್ನು ನಾನೇ ನಡೆಸಿದ್ದೆ. ವಾರದ ಕೊನೆಗೆ ಬಿರುಗಾಳಿ ಎದ್ದಿತ್ತು, ದೋಣಿಯವನು ಎಚ್ಚರ ತಪ್ಪಿ ಬಿದ್ದಿದ್ದ, ಇಡೀ ‘ಬಿ’ ಸೆಕ್ಷನ್ನನ್ನು ನಾನೊಬ್ಬನೇ ದಡ ಮುಟ್ಟಿಸಿದ್ದೆ. ‘ಬಿ’ ಸೆಕ್ಷನ್ನಿನ ಹುಡುಗರು ಎದುರಿಗೇ ಕೂತು ಕೇಳುತ್ತಿದ್ದರು. ತಾವು ಬದುಕಿ ಉಳಿದ ಕತೆ ಅವರಿಗೂ ಹಿಡಿಸಿರಬೇಕು, ಯಾರೂ ನಡುವೆ ಬಾಯಿ ಹಾಕಲಿಲ್ಲ.

ನಂಬಿದವನು ಒಬ್ಬನೇ, ಈರಪ್ಪ ಮಾಮಾ. ನನ್ನ ಅವ್ವನ ತಮ್ಮ. ಕಲ್ಲು ಕೊಯ್ದು, ತಿಕ್ಕಿ, ಹೊಳಪು ಕೊಡುವುದರಲ್ಲೇ ತಲೆ ನರೆತ ಮನುಷ್ಯ. ಯಾವ ವಸ್ತುವಾದರೂ ಭಾರವಿರಬೇಕು, ನುಣ್ಣಗಿರಬೇಕು ಎಂಬುದು ಅವನ ಮತ. ಅವನ ಮನೆಯಲ್ಲಿ ಉಪ್ಪಿನ ಡಬ್ಬಿ ಕೂಡ ಗ್ರಾನೈಟಿನದು. ಊಟಕ್ಕೆ ಕೂತವರು ಉಪ್ಪು ಕಡಿಮೆಯಾದರೆ ಸುಮ್ಮನೆ ಉಣ್ಣುತ್ತಾರೆ, ಎತ್ತಿ ಕೊಡಲು ಇಬ್ಬರು ಏಳಬೇಕಾಗುತ್ತದೆ.

ಮಾಮಾನಿಗೆ ಇನ್ನೊಂದು ನೇಮವಿದೆ. ಕಲ್ಲು ಇಳಿಸಲು ಹೋದ ಲಾರಿ ಖಾಲಿ ವಾಪಸ್ ಬರಬಾರದು. ಬಂದರೆ ಅಪಶಕುನ. ಹೀಗಾಗಿ ನಮ್ಮ ಕಾರ್ಖಾನೆಗೆ ತೆಂಗಿನಕಾಯಿ ಬಂದಿವೆ, ಯಾವುದೋ ಹೋಟೆಲಿನ ಮುರುಕು ಕುರ್ಚಿ ಬಂದಿವೆ, ಒಮ್ಮೆ ಮನೆಯೇ ಇಲ್ಲದ ಹನ್ನೊಂದು ಕಿಟಕಿ ಬಂದಿವೆ. ಆ ಸಲ ಗೋವಾದಿಂದ ಡ್ರೈವರ್ ಖಾದರ್ ಚಾಚಾ ಬಂದಾಗ ಲಾರಿಯ ಮೇಲೆ ಏನೋ ದೊಡ್ಡ ಮೀನಿನಂತೆ ಬೋರಲು ಬಿದ್ದಿತ್ತು. ಇಳಿಸಿ ನೋಡಿದರೆ ಫೈಬರಿನ ಹಳೇ ಹಾಯಿದೋಣಿ. ಉದ್ದ ನಮ್ಮ ಎತ್ತಿನ ಗಾಡಿಯಷ್ಟು, ವಯಸ್ಸು ಬಹುಶಃ ಎತ್ತಿಗಿಂತ ಜಾಸ್ತಿ.

“ಅಳಿಯಾ, ನಿನ್ನ ಸಲುವಾಗೇ ತರಿಸೇನಿ. ನಡಸಾಕ ಬರ್ತೈತಲ್ಲ ನಿನಗ?”

ಹಳೇ ಲಾರಿ ಕೊಳ್ಳುವವರು ಟೈರಿಗೆ ಒದೆಯುವುದನ್ನು ನೋಡಿದ್ದೆ. ಗಂಭೀರವಾಗಿ ಒಂದು ಸುತ್ತು ಹಾಕಿ ದೋಣಿಗೂ ಒಂದು ಒದ್ದೆ. ಒದ್ದಲ್ಲಿ ತೂತು ಬಿತ್ತು.

“ನೋಡ್ರಿ ಮಾಮಾ, ಇಲ್ಲೇ ವೀಕ್ ಇತ್ತು. ಹುಡುಕಿ ಕೊಟ್ನಿ.”

“ಎಂಥಾ ಕಣ್ಣಲೇ ನಿಂದು!” ಎಂದು ಮಾಮಾ ಬೆನ್ನು ತಟ್ಟಿದ.

ಮಗ್ಗದಿಂದ ಎದ್ದು ಬಂದ ಮಾಮಾನ ಹೆಂಡತಿ ನೀಲವ್ವ ಅತ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನ್ರೀ, ಕಾಯಿ ತರಸ್ರಿ ಅಂದ್ರ ಹಡಗಾ ತರಸೀರಿ? ನೀರಾಗ ಬಿದ್ರ ಯಾರು ಎತ್ತಾವರು?”

“ನಾ ಇಲ್ಲೇನು? ಕ್ವಾರಿ ಹೊಂಡದಾಗ ಈಜಿ ದೊಡ್ಡಾಂವ ಆಗೇನಿ. ಇವನ್ನ ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ದಂಡಿಗೆ ತರ್ತೇನಿ.”

“ಆತು. ತೇಲಿದ್ರ ಇಟಗೋರಿ. ಇಲ್ಲಂದ್ರ ಮಾಳಿಗಿ ಮ್ಯಾಲೆ ಏರಿಸಿ ಅದರಾಗ ಮೆಣಸಿನಕಾಯಿ ಒಣ ಹಾಕ್ತೇನಿ.”

ಅವತ್ತೇ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಕಲ್ಲು ಕೊಳ್ಳಲು ಬಂದವರಿಗೆಲ್ಲ ಮಾಮಾ ಚಹಾಕ್ಕಿಂತ ಮೊದಲು ನನ್ನನ್ನು ತೋರಿಸುತ್ತಿದ್ದ. “ನಮ್ಮ ಅಳಿಯಾರೀ. ಸಮುದ್ರದಾಗ ದೋಣಿ ನಡಸ್ಯಾನ.” ಅಲ್ಲಿಯವರೆಗೆ ನನ್ನ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಿದ್ದವನು ನಾನೊಬ್ಬನೇ. ಇನ್ನೊಬ್ಬ ಸಿಕ್ಕಿದ್ದ. ಅವನನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ದುರಸ್ತಿ ಶುರುವಾಯಿತು. ತೂತುಗಳಿಗೆ ಕಲ್ಲಿನ ಪುಡಿ, ಅಂಟು, ಹಾರ್ಡನರ್. ಅದರ ಮೇಲೆ, ಕಲ್ಲಿಗೆ ಮಾಡುವ ಹಾಗೆಯೇ, ಒರಟು ಪಾಲಿಶಿನಿಂದ ಹಿಡಿದು ನಯ ಪಾಲಿಶಿನವರೆಗೆ ಒಂದೂ ಬಿಡದೆ ತಿಕ್ಕಿದೆವು. ದೋಣಿ ಎಷ್ಟು ಹೊಳೆಯಿತೆಂದರೆ ಅತ್ತಿ ಅದರಲ್ಲಿ ನೋಡಿಕೊಂಡು ಕುಂಕುಮ ಹಚ್ಚಿಕೊಂಡಳು. ಎಷ್ಟು ನುಣ್ಣಗಾಯಿತೆಂದರೆ ಅದರ ಮೇಲೆ ಹತ್ತಿದ ಬೆಕ್ಕು ಆ ಕಡೆಯಿಂದ ಇಳಿಯಲಿಲ್ಲ, ಜಾರಿ ಹೋಯಿತು. ಹಾಯಿಯ ಒಂದು ಮೂಲೆ ಹರಿದಿತ್ತು. ಅತ್ತಿ ಬೈಯುತ್ತಲೇ ತನ್ನದೊಂದು ಹಳೇ ಸೀರೆಯ ಸೆರಗು ಕತ್ತರಿಸಿ ಜೋಡಿಸಿದಳು. ಕೆಂಪು ಸೆರಗಿನಲ್ಲಿ ನೇಯ್ದ ಬಿಳಿ ತೆನೆಗಳೆಲ್ಲ ಹಾಯಿಯ ತುದಿಗೆ ಬಂದವು. ಸೆರಗು ಹೊದ್ದ ದೋಣಿಯನ್ನು ನೋಡಲು ಓಣಿಯ ಹೆಂಗಸರು ಬಂದು, ಬಣ್ಣ ಬಿಡುತ್ತೋ ಇಲ್ಲವೋ ಎಂದು ವಿಚಾರಿಸಿ ಹೋದರು.

ಉಳಿದದ್ದು ದೋಣಿಯ ತಳದ ನಡುವೆ ಮಾಡುವವರೇ ಬಿಟ್ಟ ಸೀಳು, ನೀರು ಒಳಗೆ ಬರದಂತೆ ಅದರ ಸುತ್ತ ಗೋಡೆಯಿತ್ತು. ಆ ಸೀಳಿನಿಂದ ಒಂದು ಹಲಗೆಯನ್ನು ನೀರಿಗೆ ಇಳಿಬಿಡಬೇಕು. ಅದಿಲ್ಲದಿದ್ದರೆ ದೋಣಿ ಏಡಿಯಂತೆ ಅಡ್ಡ ಹೋಗುತ್ತದೆ. ಇಷ್ಟನ್ನು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಮೊಬೈಲಿನಲ್ಲಿ ಕಲಿತಿದ್ದೆ. ನಮ್ಮ ದೋಣಿಯ ಹಲಗೆ ಗೋವಾದಲ್ಲೇ ಕಳೆದಿತ್ತು.

“ಕಲ್ಲಿಂದ ಮಾಡಿದ್ರ ನಡೀತೈತೇನು?” ಎಂದ ಮಾಮಾ.

“ಫಾರಿನ್ನಾಗ ಎಲ್ಲಾ ಕಲ್ಲಿಂದೇರಿ,” ಎಂದೆ.

ವಿಡಿಯೋದಲ್ಲಿ ಕಂಡಂತೆ ಚಿತ್ರ ಬರೆದುಕೊಟ್ಟೆ. ಹಲಗೆ ಸೀಳಿನಿಂದ ಜಾರಿ ಹೋಗದಂತೆ ತಲೆಯ ಮೇಲೆ ಎರಡೂ ಕಡೆ ಅಗಲದ ಅಂಚು. ಎರಡು ದಿನ ಬಿಟ್ಟು ಮಾಮಾ ತೋರಿಸಿದ್ದು ಕನ್ನಡಿಯಂಥ ಕೆಂಪು ಕಲ್ಲು. ಅಂಚು ಮಾತ್ರ ಇರಲಿಲ್ಲ. “ಅಡಗಿಮನಿ ಕಟ್ಟಿ ಕಲ್ಲಿಗೆ ಹಂಗ ಉಬ್ಬು ಬಿಟ್ರ ಗಿರಾಕಿ ಬೈತಾರ. ಕೊಯ್ದು ಸಪಾಟ ಮಾಡೇನಿ,” ಎಂದ. ಆ ಅಂಚು ಅಷ್ಟು ಮುಖ್ಯವೆಂದು ಆಗ ನನಗೂ ಅನಿಸಲಿಲ್ಲ. “ಇದೇ ಚಲೋ ಆತ್ರಿ,” ಎಂದೆ.

ಭಾನುವಾರ ಹುನಗುಂದ ದಾಟಿ ಮರೋಳದ ಹತ್ತಿರದ ಹಿನ್ನೀರಿಗೆ ಹೋದೆವು. ಅದು ಅತ್ತಿಯ ತವರಿನ ಕಡೆ. ಅತ್ತಿ ಬುತ್ತಿ ಹಿಡಿದು ದಂಡೆಯಲ್ಲಿ ಕೂತಳು. ನಾನು ಚುಕ್ಕಾಣಿ ಹಿಡಿದೆ. ಮಾಮಾ ಗಾಳಿ ತುಂಬಿದ ಲಾರಿ ಟ್ಯೂಬನ್ನು ಅಪ್ಪಿಕೊಂಡು ಕೂತ.

“ಟ್ಯೂಬ್ ಯಾಕ್ರಿ ಮಾಮಾ?”

“ನಿನಗಂತ ತಂದೇನಿ.”

“ಮತ್ತ ಕೊಡ್ರಿಲ್ಲೆ.”

“ಆಮ್ಯಾಲೆ ಕೊಡ್ತೇನಿ.”

ಸೆರಗು ಉಬ್ಬಿತು. ದೋಣಿ ಹೊರಟಿತು. ನನ್ನನ್ನು ಒಂದು ಮಾತೂ ಕೇಳದೆ ತಾನೇ ಹೊರಟಿತು. ದಂಡೆ ಸಣ್ಣದಾಯಿತು, ಅತ್ತಿ ಬುತ್ತಿಯಷ್ಟಾದಳು. ಈಗ ಕಲ್ಲು ಇಳಿಸಬೇಕೆಂದು ಎರಡೂ ಕೈಯಲ್ಲಿ ಎತ್ತಿ ಸೀಳಿನೊಳಗೆ ಬಿಟ್ಟೆ. ಮಾಮಾನ ಪಾಲಿಶ್ ಅಂದರೆ ಪಾಲಿಶ್. ಎಲ್ಲೂ ತಡೆಯಲಿಲ್ಲ. ಗುಳುಂ ಎಂದಿತು.

“ಎಲ್ಲಿ ಹೋತು?”

“ಕೆಳಗ ಹೋತ್ರಿ.”

“ಎಷ್ಟು ಕೆಳಗ?”

“ಪೂರ್ತಿ ಕೆಳಗ್ರಿ.”

ದೋಣಿ ಅಡ್ಡ ತಿರುಗಿ ತೇಲತೊಡಗಿತು. “ತಿರಗಸಲೇ ಅಳಿಯಾ! ಗೋವಾದಾಗ ತಿರಗಿಸಿದಂಗ ತಿರಗಸು!” ಎಂದು ಮಾಮಾ ಕೂಗಿದ. ಆ ದನಿಯಲ್ಲಿ ಆಗಲೂ ಪೂರ್ತಿ ನಂಬಿಕೆಯಿತ್ತು. ಅದೇ ನನ್ನನ್ನು ಕೊಂದಿತು.

“ಮಾಮಾ, ನನಗ ನಡಸಾಕ ಬರಂಗಿಲ್ರಿ. ಗೋವಾದಾಗ ದೋಣಿ ಮುಟ್ಟೇ ಇಲ್ಲ. ಚಪ್ಪಲ್ ಕಳಕೊಂಡೆ, ಅಷ್ಟೇ.”

ಮಾಮಾ ಟ್ಯೂಬಿನಿಂದ ತಲೆ ಎತ್ತಿ ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲು ಟ್ಯೂಬ್ ಬಿಡಬೇಕಿತ್ತು.

“ಅಳಿಯಾ,” ಎಂದ, “ನನಗ ಈಜ ಬರಂಗಿಲ್ಲ.”

“ಮತ್ತ ಕ್ವಾರಿ ಹೊಂಡ?”

“ದಂಡಿ ಮ್ಯಾಲೆ ಕುಂತು ಎಲ್ಲಾರ ಅಂಗಿ ಕಾಯ್ತಿದ್ದೆ.”

“ಹಂಗಾರ ನನ್ನ ಮಾತು ಯಾಕ ನಂಬಿದ್ರಿ?”

“ಇಷ್ಟು ವರ್ಷ ನನ್ನ ಮಾತು ಎಲ್ಲಾರೂ ನಂಬ್ಯಾರ. ನಿಂದು ನಾ ನಂಬಲಿಲ್ಲಂದ್ರ ಹೆಂಗಲೇ?”

ಇಬ್ಬರೂ ಟ್ಯೂಬಿನ ಒಂದೊಂದು ಬದಿ ಹಿಡಿದುಕೊಂಡೆವು. ಸಂಗಮನಾಥನಿಗೆ ಮಾಮಾ ಒಂದು ಗ್ರಾನೈಟ್ ಮೆಟ್ಟಿಲು ಹರಕೆ ಹೊತ್ತ. ನಾನು ಇನ್ನು ಸುಳ್ಳು ಹೇಳುವುದಿಲ್ಲವೆಂದೆ, ಆಮೇಲೆ ಅತಿಯಾಯಿತೆನಿಸಿ ಒಂದು ವರ್ಷ ಎಂದು ತಿದ್ದಿದೆ. ಆಗ ಅತ್ತಿಯ ದನಿ ತೀರ ಹತ್ತಿರದಲ್ಲೇ ಕೇಳಿತು. ದೋಣಿ ತೇಲಿದ ಕಡೆಗೆ ಅವಳೂ ದಂಡೆಗುಂಟ ನಡೆದು ಬಂದಿದ್ದಳು.

“ಏನ್ರೀ! ಎದ್ದು ನಿಂದರ್ರಿ ಇಬ್ರೂ! ಎಮ್ಮಿ ಹೊಟ್ಟಿ ಸೈತ ತೊಯ್ದಿಲ್ಲ ಅಲ್ಲಿ!”

ತಿರುಗಿ ನೋಡಿದರೆ ಪಕ್ಕದಲ್ಲೇ ನಾಲ್ಕು ಎಮ್ಮೆಗಳು ನಿಂತು ನಮ್ಮನ್ನು ನೋಡುತ್ತಿದ್ದವು. ಇಳಿದೆವು. ನೀರು ಮೊಣಕಾಲಿನವರೆಗೆ, ಗೋವಾದಲ್ಲಿ ಇದ್ದಷ್ಟೇ.

ಅತ್ತಿ ರೊಟ್ಟಿ ಬಡಿಸಿದಳು. “ಅಂಗಿ ಕಾಯೋದು ಭಾಳ ತ್ರಾಸಿನ ಕೆಲಸೇನ್ರಿ?” ಎಂದು ಮಾಮಾನನ್ನು ಕೇಳಿದಳು. ನೀರಿನ ಮೇಲೆ ಮಾತು ದೂರ ಹೋಗುತ್ತದೆಂದು ನಮಗೆ ತಿಳಿದಿರಲಿಲ್ಲ. ಆಮೇಲೆ ತೀರ್ಪು ಕೊಟ್ಟಳು: “ದೋಣಿ ತೇಲೇತಿ. ಮುಳುಗಿದವರು ನೀವಿಬ್ರ. ಅದು ಇರ್ಲಿ. ಈಜು ಕಲಿಯೂತನಕ ಇಬ್ರೂ ಅದನ್ನ ಮುಟ್ಟಂಗಿಲ್ಲ.”

ಕಲಿಸಿದವಳೂ ಅವಳೇ. ಹೊಳೆ ದಂಡೆಯಲ್ಲಿ ಹುಟ್ಟಿ ಬೆಳೆದವಳಿಗೆ ಮೀನಿನಂತೆ ಈಜು ಬರುತ್ತಿತ್ತು. ನಿನಗೆ ಬರುತ್ತದೆಯೇ ಎಂದು ಮಾಮಾ ಇಷ್ಟು ವರ್ಷ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಬಂದದ್ದನ್ನು ಹೇಳಿಕೊಳ್ಳದವಳು ಅವಳೊಬ್ಬಳೇ.

ಪೆನ್ನು ಮತ್ತೆ ಎತ್ತಿದೆ. ‘ಈಜು’ ಎಂದು ಬರೆದೆ. ಅದರ ಕೆಳಗೆ, ‘ಹಾಯಿದೋಣಿ ದುರಸ್ತಿ. ನಡೆಸಲು ಬರುವುದಿಲ್ಲ.’ ಅಂಟು ಮೆತ್ತಿದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಮಾಮಾ ಬಗ್ಗಿ ಓದಿದ.

“ಬರೂದಿಲ್ಲ ಅನ್ನೂದು ಯಾಕ ಬರದಿಲೇ? ಯಾರು ಕೇಳ್ಯಾರ?”

“ಇದನ್ನ ಓದಿ ಯಾರರ ನನ್ನ ಸಲುವಾಗಿ ದೋಣಿ ತರಿಸಿದ್ರ ಏನು ಮಾಡೂದ್ರಿ?”

ಮಾಮಾ ನಕ್ಕ. ಅಷ್ಟರಲ್ಲಿ ಹೊರಗೆ ಖಾದರ್ ಚಾಚಾನ ಲಾರಿ ಹಾರ್ನ್ ಹೊಡೆಯಿತು. ಗೋವಾದಿಂದ ಬರುತ್ತಿತ್ತು. ಅರ್ಜಿಯನ್ನು ಹಾಗೇ ಬಿಟ್ಟು ಇಬ್ಬರೂ ಬಾಗಿಲಿಗೆ ಓಡಿದೆವು, ಮೇಲೆ ಏನು ಹೇರಿದೆಯೆಂದು ನೋಡಲು.