ಹಿಮ್ಮೇಳ ಮೊದಲು

ಸಾರ್ಡಿನಿಯಾದ ಬೆಟ್ಟದೂರೊಂದರ ಪುಟ್ಟ ಮ್ಯೂಸಿಯಂನ ಬೀಗದ ಕೈ ಇರುವುದು ಗ್ರಾಸ್ಸಿಯಾಳ ಜೇಬಿನಲ್ಲಿ. ಇಪ್ಪತ್ತೆರಡು ವರ್ಷ ಅವಳು ಶಾಲೆಯಲ್ಲಿ ಅಡುಗೆ ಮಾಡಿದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು, ಪಂಚಾಯಿತಿಯವರು ಈ ಕೆಲಸ ಕೊಟ್ಟರು. ಬೆಳಗ್ಗೆ ನೆಲ ಒರೆಸಬೇಕು, ಕಿಟಕಿ ತೆರೆಯಬೇಕು, ಆಮೇಲೆ ನಾಲ್ವರು ಗಂಡಸರನ್ನು ಎಬ್ಬಿಸಬೇಕು.

ನಾಲ್ವರೂ ಇರುವುದು ಪರದೆಗಳ ಮೇಲೆ. ದುಂಡಗೆ ನಿಲ್ಲಿಸಿದ ನಾಲ್ಕು ಪರದೆ, ಒಂದೊಂದರಲ್ಲಿ ಒಬ್ಬೊಬ್ಬ ಹಾಡುಗಾರ, ಒಂದೊಂದರ ಹಿಂದೆ ಅದನ್ನು ನಡೆಸುವ ಪೆಟ್ಟಿಗೆ. ಸೊಲ್ಲೆತ್ತುವವನು ಒಬ್ಬ, ಹಿಮ್ಮೇಳದವರು ಮೂವರು. ಹನ್ನೊಂದು ನಿಮಿಷದ ಹಾಡು ಮುಗಿದದ್ದೇ ಮತ್ತೆ ಮೊದಲಿಂದ, ಸಂಜೆಯವರೆಗೆ. ಅವರಲ್ಲಿ ಇನ್ನೂ ಬದುಕಿರುವವನು ಹಿಮ್ಮೇಳದ ಬಾಂತಿನೆ ಅಜ್ಜ ಒಬ್ಬನೇ.

ಮಂಗಳವಾರ ಅಜ್ಜ ಮೊದಲ ಸಲ ಬಂದು ಹಾಡು ಕೇಳಿದ. ಹಿಮ್ಮೇಳ ಅರ್ಧ ಉಸಿರಿನಷ್ಟು ಹಿಂದೆ ಬಿದ್ದಿತ್ತು.

"ಏನೇ ಇದು, ಕುಡ್ಕೊಂಡು ಹಾಡ್ದಂಗಿದೆ."

"ತಪ್ಪು ಪೆಟ್ಟಿಗೇದು ಅಜ್ಜ, ನಿಮ್ದಲ್ಲ."

"ಬಂದೋರಿಗೆ ಪೆಟ್ಟಿಗೆ ಕಾಣಲ್ಲ, ನನ್ ಮುಖ ಕಾಣತ್ತೆ. ಶನಿವಾರ ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ನನ್ನ ಅಲ್ಲಿಂದ ಇಳಿಸ್ಬಿಡು."

ಅವನು ಇಳಿದರೆ ಹಾಡೇ ಇಳಿದ ಹಾಗೆ. ಮೂರೇ ದನಿಯಲ್ಲಿ ಆ ಹಾಡು ಆಗುವುದಿಲ್ಲ. ಗ್ರಾಸ್ಸಿಯಾ ಪಟ್ಟಣದ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಮುಂದಿನ ತಿಂಗಳು ಬರುತ್ತೇನೆ ಅಂದ. ಪರದೆಗಳ ಹಿಂದಿನ ಪೆಟ್ಟಿಗೆಗಳ ಧೂಳು ಒರೆಸಿದಳು, ವೈರು ಬಿಗಿ ಮಾಡಿದಳು. ಏನೂ ಸರಿಹೋಗಲಿಲ್ಲ.

ಶನಿವಾರ ಅವಳು ಬಾಗಿಲು ತೆರೆಯುವಾಗಲೇ ಅಜ್ಜ ಮೆಟ್ಟಿಲ ಮೇಲಿದ್ದ. ದಿನದ ಹಾಗೆ ಅವಳು ಸೊಲ್ಲೆತ್ತುವವನ ಸ್ವಿಚ್ಚನ್ನೇ ಮೊದಲು ಒತ್ತಿದಳು. ಶಾಲೆಯಲ್ಲೂ ಮೇಷ್ಟ್ರಿಗೆ ಬಡಿಸದೆ ಮಕ್ಕಳಿಗೆ ಬಡಿಸಿದವಳಲ್ಲ.

"ಅವನನ್ಯಾಕೆ ಮೊದ್ಲು ಎಬ್ಬಿಸ್ತೀಯ?"

"ಶುರು ಮಾಡೋನು ಅವ್ನೇ ಅಲ್ವಾ?"

"ಅವ್ನೇ. ಆದ್ರೆ ನಾವು ಮೂವರೂ ಹೆಗಲಿಗೆ ಹೆಗಲು ಕೊಟ್ಟು ನಿಂತ್ಮೇಲೆ. ನಾವಿನ್ನೂ ಬಾರಲ್ಲಿ ಕೂತಿರೋವಾಗ ಅವ್ನು ಬಾಯಿ ತೆಗ್ದಿದ್ದನ್ನ ಯಾವತ್ತಾದ್ರೂ ಕಂಡಿದೀಯಾ ತಾಯಿ?"

ಗ್ರಾಸ್ಸಿಯಾ ಎಲ್ಲವನ್ನೂ ಆರಿಸಿದಳು. ಈ ಸಲ ಹಿಮ್ಮೇಳದ ಮೂವರು ಮೊದಲು. ಅವರು ಬಾಯಿ ಮುಚ್ಚಿ ಕಾದು ನಿಂತರು. ಕೊನೆಗೆ ಸೊಲ್ಲೆತ್ತುವವನು. ಅವನ ಪೆಟ್ಟಿಗೆ ಏಳುತ್ತಲೇ 'ಶುರು' ಎಂದು ಸನ್ನೆ ಕಳಿಸುವುದು ಒಂದೇ ಸಲ. ಇಷ್ಟು ದಿನ ಆ ಹೊತ್ತಿಗೆ ಉಳಿದ ಮೂರೂ ನಿದ್ದೆಯಲ್ಲಿದ್ದವು, ಎದ್ದು, ಸ್ವಲ್ಪ ಕಾದು, ಸನ್ನೆ ಬಾರದೆ ತಮ್ಮ ಅಂದಾಜಿನ ಮೇಲೆ ಓಡುತ್ತಿದ್ದವು.

ನಾಲ್ಕು ದನಿಯೂ ಒಂದೇ ಉಸಿರಿನಲ್ಲಿ ಎದ್ದವು. ಅಜ್ಜ ನಂಬಲಿಲ್ಲ. ಮೂರು ಸುತ್ತು ಮುಗಿಯುವ ತನಕ ಹಾಡುವಾಗಿನ ಹಾಗೆ ಒಂದು ಕಿವಿಗೆ ಕೈ ಒತ್ತಿಕೊಂಡು ಪರದೆಗಳ ನಡುವೆ ನಿಂತ.

"ಪರದೇಲಿ ನನ್ ಕಾಲರ್ ಸೊಟ್ಟಗಿದೆ," ಅಂದ ಆಮೇಲೆ, ಟೋಪಿ ಹಾಕಿಕೊಳ್ಳುತ್ತ. "ಇರ್ಲಿ ಬಿಡು. ಹಾಡ್ಲಿ."