ಪೀಪಾಯಿ ಕುಸಿದ ಬೆಳಗು

ಮಕುವೇನಿ ಸೀಮೆಯ ಗುಡ್ಡದ ಇಳಿಜಾರಿನಲ್ಲಿ ಕಮೆನೆಯ ತೋಟ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹಳ್ಳದ ಮರಳಿನವರೆಗೂ ಹೋಗುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಆ ಮರಳನ್ನು ಬಗೆದು, ಒರತೆಯ ನೀರನ್ನು ಸೋರೆಬುರುಡೆಯಲ್ಲಿ ಮೊಗೆದು, ಕ್ಯಾನುಗಳಿಗೆ ತುಂಬಿ, ಕತ್ತೆಯ ಮೇಲೆ ಹೇರಿಕೊಂಡು ಬರುತ್ತಿದ್ದವಳು. ಅಷ್ಟು ಕಷ್ಟಪಟ್ಟು ತಂದದ್ದನ್ನು ಗಿಡಗಳಿಗೆ ಎರಚಿದರೆ ಅರ್ಧಕ್ಕರ್ಧ ಬಿಸಿಲೇ ಕುಡಿದುಬಿಡುತ್ತಿತ್ತು.

ಹೆಂಗಸರ ಸಂಘಕ್ಕೆ ಬಂದ ಒಬ್ಬಾಕೆ ಪೀಪಾಯಿಯಿಂದ ನೀರು ಹಾಯಿಸುವುದನ್ನು ತೋರಿಸಿಕೊಟ್ಟಳು. ಎತ್ತರದಲ್ಲೊಂದು ಪೀಪಾಯಿ, ಅದರ ಬುಡಕ್ಕೆ ನಲ್ಲಿ, ಕಸ ತಡೆಯಲು ಬಟ್ಟೆ, ಅಲ್ಲಿಂದ ಪಾತಿಗಳುದ್ದಕ್ಕೂ ಸಣ್ಣ ತೂತುಗಳ ಕಪ್ಪು ಪೈಪು. ಪಂಪು ಬೇಡ, ಕರೆಂಟು ಬೇಡ. ನೀರು ತನ್ನ ಭಾರಕ್ಕೆ ತಾನೇ ಇಳಿದು ಗಿಡದ ಬುಡದಲ್ಲಿ ತೊಟ್ಟಿಕ್ಕುತ್ತದೆ. "ಸೊಂಟದೆತ್ತರ ಇದ್ರೆ ಸಾಕು. ಕಲ್ಲಿನ ಕಟ್ಟೆ ಕಟ್ಟಿ ಕೂರಿಸಿ," ಎಂದಿದ್ದಳು ಆಕೆ.

ಕಮೆನೆಗೆ ಸೊಂಟದೆತ್ತರ ಸಾಲಲಿಲ್ಲ. ಕಟ್ಟಕಡೆಯ ಪಾತಿಗೂ ನೀರು ಹೋಗಬೇಕೆಂದರೆ ಪೀಪಾಯಿ ಆಳೆತ್ತರದಲ್ಲಿರಬೇಕು ಎಂದು ಅವಳ ತಲೆಗೆ ಹೊಕ್ಕಿತ್ತು.

"ಕಲ್ಲು ಕಟ್ಟೋಣ ಕಣೇ, ಗಟ್ಟಿ ಇರುತ್ತೆ," ಎಂದ ಗಂಡ ಕಿಟಾವಿ. ಅವನು ವೋಟೆ ಪೇಟೆಯಲ್ಲಿ ಬಡಗಿ.

"ಅಷ್ಟೆತ್ತರಕ್ಕೆ ಕಲ್ಲು ಹೊತ್ತು ಹಾಕೋದ್ಯಾರು? ಊರಿಗೆಲ್ಲ ಬಾಗಿಲು ಕೂರಿಸ್ತೀಯ, ಹೆಂಡತಿಗೆ ನಾಲ್ಕು ಕಂಬ ನೆಟ್ಟುಕೊಡೋಕೆ ಆಗಲ್ವಾ?"

ಮಾತು ಚುಚ್ಚಿತು. ಕಿಟಾವಿ ಹಳೆಯ ಕಣಜದ ಕಂಬಗಳನ್ನು ಕಿತ್ತು ತಂದು, ನೆಲದಲ್ಲಿ ಹೂತು, ಮೇಲೆ ಹಲಗೆ ಬಡಿದು, ಪೀಪಾಯಿ ಏರಿಸಿಕೊಟ್ಟ.

ಅವನ ತಾಯಿ ಸ್ಯೊಂಬುವಾಗೆ ಕಿವಿ ಮಂದ, ದನಿ ಮಾತ್ರ ಗುಡ್ಡದಾಚೆಗೂ ಕೇಳುವಂಥದು. ಮೊದಲ ದಿನ ಪೈಪಿನ ತೊಟ್ಟುಗಳನ್ನು ನೋಡಿ, "ಇದೇನು ನೀರು ಹಾಯಿಸೋದೋ, ನೆಗಡಿಯಾದ ಮೂಗೋ?" ಎಂದು ನಕ್ಕಳು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಬನ್ನಿ, ನಮ್ಮ ಸೊಸೆ ಕರಿ ಹಾವು ಸಾಕಿದ್ದಾಳೆ, ನೋಡ್ಕೊಂಡು ಹೋಗಿ," ಎಂದಳು. ಆದರೆ ಅಟ್ಟಣಿಗೆಯ ಕೆಳಗಿನ ತಂಪು ಅವಳಿಗೆ ಹಿಡಿಸಿಬಿಟ್ಟಿತು. ಅಲ್ಲೊಂದು ಮಣೆ ಹಾಕಿ, ತನ್ನ ಹಳದಿ ಲೇಸೊ ಬಟ್ಟೆ ಹಾಸಿ, ಬೆಳಗಿನಿಂದ ಕತ್ತಾಳೆ ನಾರಿನ ಬುಟ್ಟಿ ಹೆಣೆಯುತ್ತ ಕೂತಿರುತ್ತಿದ್ದಳು. ತಾಯಿ ಸತ್ತ ಮೇಕೆಮರಿಯೊಂದನ್ನು ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅದೂ ಅವಳ ಪಕ್ಕದಲ್ಲೇ.

ಸುಕುಮಾ ಸೊಪ್ಪು ಬೆಳೆದು ನಿಂತಿತು, ಟೊಮೇಟೊ ಜೋತಾಡಿತು. ನೆರೆಮನೆಯಾಕೆ ಕಲೊಂಡುವಿನ ಪೈಪುಗಳಲ್ಲಿ ಮರಳು ಸಿಕ್ಕಿ ದಿನ ಬಿಟ್ಟು ದಿನ ತೂತುಗಳು ಕಟ್ಟಿಕೊಳ್ಳುತ್ತಿದ್ದವು. ಕಮೆನೆಯವು ಒಮ್ಮೆಯೂ ಕಟ್ಟಲಿಲ್ಲ. "ಎತ್ತರ ಇರಬೇಕು ಅಂತ ಅದಕ್ಕೇ ಹೇಳಿದ್ದು," ಎಂದು ಅವಳು ಕಲೊಂಡುವಿನ ಮುಂದೆ ಬೀಗಿದ್ದಳು.

ಅಂದು ಬೆಳಿಗ್ಗೆ ಏಣಿ ಹತ್ತಿ, ಪೀಪಾಯಿಯನ್ನು ಕಂಠಮಟ್ಟ ತುಂಬಿಸಿ, ನಲ್ಲಿ ತಿರುಗಿಸಿ ಇಳಿದಳು. ಅತ್ತೆ ಎಂದಿನಂತೆ ಕೆಳಗೆ ಕೂತಿದ್ದಳು. ಕಮೆನೆ ಅಡಿಗೆಮನೆಗೆ ಹೋಗಿ, ಪಾತ್ರೆ ತೊಳೆದಿಟ್ಟು, ಒಲೆಯ ಮೇಲಿದ್ದ ಕುಟ್ಟಿದ ಜೋಳ-ಅವರೆಯ ಮಡಕೆಗೆ ಸೌಟು ಹಾಕಿದ್ದಳಷ್ಟೆ. ಹೊರಗೆ ಲಟ್ಟೆಂದಿತು. ಹಿಂದೆಯೇ ಕಾಲಡಿಯ ನೆಲ ಅದುರುವಂಥ ಸದ್ದು. ತಗಡಿನ ಚಾವಣಿ ಝಣಝಣ ಎಂದಿತು.

ಸೌಟು ಹಿಡಿದೇ ಹೊರಗೆ ಓಡಿದಳು. ಅಟ್ಟಣಿಗೆ ಇದ್ದಲ್ಲಿ ಬರಿಯ ಆಕಾಶವಿತ್ತು. ಒಡೆದ ಪೀಪಾಯಿಯಿಂದ ಚೆಲ್ಲಿದ ನೀರು ಕೆಂಪು ಕೆಸರಾಗಿ ಮೆಟ್ಟಿಲುಗಳಗುಂಟ ಇಳಿಯುತ್ತಿತ್ತು. ಮಣೆ ಚೂರುಚೂರಾಗಿತ್ತು. ಅರ್ಧ ಹೆಣೆದ ಬುಟ್ಟಿ ಚಪ್ಪಟೆಯಾಗಿ ಬಿದ್ದಿತ್ತು. ಪೀಪಾಯಿಯ ಅಡಿಯಿಂದ ಹಳದಿ ಲೇಸೊ ಹೊರಚಾಚಿತ್ತು. ಅದರೊಳಗೆ ಏನೋ ಉಬ್ಬಿಕೊಂಡಿತ್ತು.

ಕಮೆನೆ ಹತ್ತಿರ ಹೋದಳು. ಮಂಡಿಯೂರಿ ಆ ಉಬ್ಬಿನ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ಮಿಸುಕಲಿಲ್ಲ. ಆಗ ಅವಳ ಬಾಯಿಂದ ಹೊರಟ ಚೀತ್ಕಾರಕ್ಕೆ ಕಿಟಾವಿ ಹಿತ್ತಲಿನಿಂದ ಓಡಿ ಬಂದ, ಕಲೊಂಡು ಬೇಲಿ ಹಾರಿ ಬಂದಳು.

"ಅಮ್ಮಾ!" ಎಂದು ಕಿಟಾವಿ ಪೀಪಾಯಿಗೆ ಹೆಗಲು ಕೊಟ್ಟ. ಕಲೊಂಡು ಇನ್ನೊಂದು ಕಡೆ ಹಿಡಿದಳು. ಅದು ಹೊರಳಿ ಪಕ್ಕಕ್ಕೆ ಬಿತ್ತು. ಆ ಬಟ್ಟೆ ಸರಿಸಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕಿಟಾವಿ ಕೈ ಚಾಚಿ ಹಿಂದಕ್ಕೆಳೆದುಕೊಂಡ. ಕಮೆನೆ ಕೆಸರಿನಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. "ನಾನೇ ಎತ್ತರ ಅಂದೆ, ನಾನೇ ಅಂದೆ..."

"ಯಾರದು ನೀರು ನಿಲ್ಲಿಸಿದ್ದು?"

ಕೆಳಗಿನ ಮೆಟ್ಟಿಲಿನಿಂದ ಬಂದ ಆ ದನಿಗೆ ಮೂವರೂ ಕಲ್ಲಾದರು. ಟೊಮೇಟೊ ಗಿಡಗಳ ನಡುವಿನಿಂದ ಸ್ಯೊಂಬುವಾ ಹತ್ತಿ ಬರುತ್ತಿದ್ದಳು. ಕೆನ್ನೆಗೆಲ್ಲ ಮಣ್ಣು. ಕೈಯಲ್ಲಿ ಬುಟ್ಟಿಗೆ ಹಿಡಿ ಹೊಲಿಯುವ ದಬ್ಬಳ.

"ಆ ಮೂಲೆ ತೂತಿಗೆ ಈಗಷ್ಟೇ ಚುಚ್ಚಿ ಬಿಡಿಸಿದ್ದೆ, ಚೆನ್ನಾಗಿ ಬರ್ತಿತ್ತು. ಇದ್ದಕ್ಕಿದ್ದಂಗೆ ನಿಂತೇಹೋಯ್ತು. ದಿನಾ ಬೆಳಿಗ್ಗೆ ನೆಲಕ್ಕೆ ಬಿದ್ದು ನಾನು ಒಂದೊಂದೇ ಚುಚ್ಚಬೇಕು, ನೀವಿಲ್ಲಿ... ಯಾಕೆ ಹಂಗೆ ನೋಡ್ತೀರಾ? ಯಾರು ಸತ್ರು?"

ಕಮೆನೆಗೆ ಕಣ್ಣೆದುರಿನದು ಅತ್ತೆಯೋ ಅಲ್ಲವೋ ತಿಳಿಯಲಿಲ್ಲ. ಪೈಪು ಒಮ್ಮೆಯೂ ಕಟ್ಟದಿದ್ದುದು ಎತ್ತರದಿಂದಲ್ಲ, ಈ ದಬ್ಬಳದಿಂದ ಎಂಬುದು ತಲೆಗೆ ಹೋದದ್ದು ಆಮೇಲೆ. ಸದ್ಯಕ್ಕೆ ಅವಳು ಎದ್ದು ಹೋಗಿ ಮುದುಕಿಯ ತೋಳು, ಕತ್ತು, ಮುಖ ಸವರಿ ನೋಡಿದಳು.

"ಬಿಡೇ, ಏನಾಗಿದೆ ನಿನಗೆ?" ಎಂದು ಕೊಸರಿಕೊಳ್ಳುತ್ತಲೇ ಸ್ಯೊಂಬುವಾ ಚೂರಾದ ಮಣೆಯನ್ನು ಕಂಡಳು. ಬಾಗಿ ಲೇಸೊ ಸರಿಸಿದಳು. ಅದರಡಿ ಮೇಕೆಮರಿ ಸತ್ತುಬಿದ್ದಿತ್ತು. ಬೆಳಗಿನ ಓರೆಬಿಸಿಲು ತಾಗದಿರಲೆಂದು ಅವಳೇ ಅದಕ್ಕೆ ಹೊದಿಸಿ ಇಳಿದುಹೋಗಿದ್ದಳು.

"ನಾನು ಇಲ್ಲೇ ಕೂತಿದ್ದೆ," ಎಂದಳು. "ಇಲ್ಲೇ." ಆಮೇಲೆ ಕಮೆನೆಯ ಮೈಮೇಲೇ ಕುಸಿದಳು.

ಕಿಟಾವಿ ಮುರಿದ ಕಂಬವೊಂದನ್ನು ಒದ್ದ. ಅದು ಮೊಟ್ಟೆಯ ಚಿಪ್ಪಿನಂತೆ ಒಡೆಯಿತು. ಹೊರಗೆ ತೆಳ್ಳನೆಯ ಮರ, ಒಳಗೆ ಬರೀ ಮಣ್ಣು, ಮಣ್ಣಿನಲ್ಲಿ ಗಿಜಿಗುಡುವ ಗೆದ್ದಲು. ನಲ್ಲಿಯಿಂದ ಸೋರಿದ ನೀರಿಗೆ ಬುಡ ಸದಾ ಒದ್ದೆಯಾಗಿತ್ತು. ಗೆದ್ದಲಿಗೆ ಅಷ್ಟೇ ಸಾಕಾಗಿತ್ತು. "ದಿನಾ ಇದೇ ಕಂಬಕ್ಕೆ ಒರಗಿ ಹಲ್ಲುಜ್ಜಿದ್ದೀನಿ," ಎಂದ ಅವನು. "ಬಡಗಿ ಅಂತೆ ಬಡಗಿ."

ಮರಿಯ ಮಾಂಸ ಹಾಳುಮಾಡುವುದೇಕೆ ಎಂದು ಕಲೊಂಡು ಮೆಲ್ಲಗೆ ಕೇಳಿದಳು. ಕಿಟಾವಿ ಗುದ್ದಲಿ ತಂದ. ಹೂತರು.

ಆ ವಾರವೇ ಕಲ್ಲು ಹೊತ್ತು ಸೊಂಟದೆತ್ತರದ ಕಟ್ಟೆ ಕಟ್ಟಿದರು. ಬೇರೆ ಪೀಪಾಯಿ ಬಂತು. ನಲ್ಲಿ ತಿರುಗಿಸಿದರೆ ನೀರು ಕಟ್ಟಕಡೆಯ ಪಾತಿಯವರೆಗೂ ಸಲೀಸಾಗಿ ಹೋಯಿತು. ಆಳೆತ್ತರ ಯಾತಕ್ಕೂ ಬೇಕಿರಲಿಲ್ಲ. ಕಮೆನೆ ಅದನ್ನು ನೋಡುತ್ತ ನಿಂತವಳು ಅಲ್ಲೇ ಕೂತುಬಿಟ್ಟಳು.

ಹಲವು ದಿನ ಅತ್ತೆಯ ಮುಖ ನೋಡಲಾಗದೆ ಓಡಾಡಿದಳು. ಕೊನೆಗೊಮ್ಮೆ ಸೊಪ್ಪು ಬಿಡಿಸುತ್ತ, ಜೋರಾಗಿಯೇ, "ಎತ್ತರ ಬೇಕು ಅಂತ ಹಟ ಹಿಡಿದಿದ್ದು ನಾನು, ಅತ್ತೇ," ಎಂದಳು.

"ಗೊತ್ತು. ಊರಿಗೆಲ್ಲ ಗೊತ್ತು," ಎಂದಳು ಸ್ಯೊಂಬುವಾ. "ಕೆಳಗೆ ಕೂತ್ಕೋ ಅಂತ ನೀನೇನೂ ಹೇಳಿರಲಿಲ್ಲವಲ್ಲ. ಆ ಕಡೆ ಸಾಲು ಬಿಡಿಸು, ಬಲಿತುಹೋಗಿದೆ."

ಮತ್ತೆ ಆ ಮಾತು ಬರಲಿಲ್ಲ. ಆದರೆ ಇವತ್ತಿಗೂ ಎಲ್ಲಾದರೂ ಪಾತ್ರೆ ಬಿದ್ದ ಸದ್ದಾದರೆ ಕಮೆನೆ ಕೈಲಿದ್ದುದನ್ನು ಬಿಟ್ಟು ಬಾಗಿಲಿಗೆ ಬಂದು, "ಅತ್ತೇ!" ಎಂದು ಕೂಗುತ್ತಾಳೆ. ಮುದುಕಿಗೆ ಒಂದೇ ಸಲಕ್ಕೆ ಕೇಳಿಸುವುದಿಲ್ಲ. ತೋಟದಿಂದ "ಏನೇ ನಿಂದು?" ಎಂಬ ಬೈಗುಳ ಬರುವತನಕ ಕಮೆನೆ ಉಸಿರು ಬಿಗಿಹಿಡಿದು ನಿಂತಿರುತ್ತಾಳೆ.